ಲಿಬ್ರೆಆಫೀಸ್‌ನೊಳಗಿನ ಪರರ ಕೋಡ್

ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದಲ್ಲಿ ‘ಕ್ಷ’ ಎಂದು ಬೆರಳಚ್ಚಿಸಿದಾಗ ಕಡತದಲ್ಲಿ ದಾಖಲಾಗುವುದು 3221, 3277, 3255 ಎಂಬ ಮೂರು ಸಂಖ್ಯೆಗಳು ಮಾತ್ರ. ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯ ಪ್ರಕಾರ ಮೊದಲನೆಯ ಸಂಖ್ಯೆ ‘ಕ’ಕಾರವನ್ನೂ, ಎರಡನೆಯದು ಅದರೊಳಗಿನ ಸ್ವರವನ್ನು ತೆಗೆಯುವ ಹಲಂತ ಚಿಹ್ನೆಯನ್ನೂ, ಮೂರನೆಯದು ‘ಷ’ಕಾರವನ್ನೂ ಸೂಚಿಸುತ್ತವೆ. ಈ ಮೂರೂ ಕೂಡಿದರೆ ಪರದೆಯ ಮೇಲೆ ಯಾವ ಆಕಾರ ಮೂಡಬೇಕು, ‘ರ್ಕ’ ಎಂಬಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರೇಫವು ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ‘ಕ’ಕಾರದ ಬಲಕ್ಕೆ ಹೇಗೆ ಸರಿಯಬೇಕು, ‘ಸ್ತ್ರೀ’ಯಂತಹ ಕೂಟದಲ್ಲಿ ಯಾವ ಒತ್ತು ಎಲ್ಲಿ ಕೂರಬೇಕು ಎಂಬುದನ್ನು ಫಾಂಟಿನೊಳಗಿನ ನಿಯಮಗಳನ್ನು ಓದಿ ತೀರ್ಮಾನಿಸುವ ಕೋಡ್ ಲಿಬ್ರೆಆಫೀಸ್ ಬಳಗದವರು ಬರೆದದ್ದಲ್ಲ. ಅದು ಹಾರ್ಫ್‌ಬಜ್ ಎಂಬ ಬೇರೊಂದು ಮುಕ್ತ ತಂತ್ರಾಂಶದ್ದು. ಬೆಹ್ದಾದ್ ಎಸ್ಫಹ್‌ಬೋದ್ ಅದರ ಮುಖ್ಯ ಕರ್ತೃ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳೂ ಅದನ್ನೇ ನೆಚ್ಚಿಕೊಂಡಿವೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಹಸ್ತಪ್ರತಿಯನ್ನು ನೋಡಿ ಒತ್ತು, ದೀರ್ಘ, ಕೊಂಬುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತಿದ್ದ ಕೆಲಸವನ್ನೇ ಇದು ಗಣಕದೊಳಗೆ ಮಾಡುತ್ತದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ತುಂಡುಗಳಿಗೇ ಸಂಕೇತ ಕೊಟ್ಟಿದ್ದುದರಿಂದ ಇಂಥ ಕೆಲಸಗಾರನ ಅಗತ್ಯ ಇರಲಿಲ್ಲ. ಯುನಿಕೋಡ್ ಕನ್ನಡಕ್ಕೆ ಮಾತ್ರ ಅವನಿಲ್ಲದೆ ಗತಿಯಿಲ್ಲ.

ಹೀಗೆ ಒಂದು ನಿರ್ದಿಷ್ಟ ಕೆಲಸವನ್ನು ಚೆನ್ನಾಗಿ ಮಾಡಿ, ಬೇರೆ ಬೇರೆ ತಂತ್ರಾಂಶಗಳು ಕರೆದಾಗ ಉತ್ತರ ಕೊಡುವ ಕೋಡ್‌ನ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಚಿತ್ರವನ್ನು ಬಿಡಿಸಿ ತೋರಿಸುವುದು, ಕಡತವನ್ನು ಕುಗ್ಗಿಸುವುದು, ಕಾಗುಣಿತ ಪರೀಕ್ಷಿಸುವುದು, ಅಂತರಜಾಲದೊಡನೆ ಗುಟ್ಟಾಗಿ ವ್ಯವಹರಿಸುವುದು, ಇವೆಲ್ಲಕ್ಕೂ ಬೇರೆಯವರು ವರ್ಷಗಟ್ಟಲೆ ತಿದ್ದಿ ತೀಡಿದ ಲೈಬ್ರರಿಗಳಿರುವಾಗ ಹೊಸದಾಗಿ ಬರೆಯಲು ಹೋಗುವುದು ಶ್ರಮದ ಅಪವ್ಯಯ. ಅಷ್ಟೇ ಅಲ್ಲ, ಗುಪ್ತಲೇಖನದಂತಹ ವಿಷಯದಲ್ಲಿ ಅದು ಅಪಾಯಕ್ಕೂ ಆಹ್ವಾನ. ಲಿಬ್ರೆಆಫೀಸ್‌ನ ಸೋರ್ಸ್ ಕೋಡ್‌ನಲ್ಲಿ, ಎಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲರೂಪದಲ್ಲಿ, ‘ಎಕ್ಸ್‌ಟರ್ನಲ್’ ಎಂಬ ಒಂದು ಫೋಲ್ಡರೇ ಹೊರಗಿನವರ ಲೈಬ್ರರಿಗಳಿಗೆ ಮೀಸಲಾಗಿದ್ದು, ಹಾರ್ಫ್‌ಬಜ್ ಅಲ್ಲಿರುವ ಹತ್ತಾರು ಹೆಸರುಗಳಲ್ಲಿ ಒಂದು.

ಸೋರ್ಸ್ ಕೋಡ್ ತಾನಾಗಿಯೇ ಓಡುವುದಿಲ್ಲ. ಸಾವಿರಾರು ಕಡತಗಳನ್ನು ಯಂತ್ರಭಾಷೆಗೆ ಇಳಿಸುವುದು ಕಂಪೈಲ್ ಮಾಡುವ ಹಂತ. ಹಾಗೆ ದೊರೆತ ತುಣುಕುಗಳನ್ನು ಒಂದಕ್ಕೊಂದು ಬೆಸೆಯುವುದು ಲಿಂಕ್ ಮಾಡುವ ಹಂತ. ಯಾವುದಕ್ಕೆ ಯಾವುದು ಮೊದಲು ಸಿದ್ಧವಾಗಿರಬೇಕು, ಒಂದು ಕಡತ ಬದಲಾದರೆ ಯಾವ ಯಾವ ತುಣುಕುಗಳನ್ನು ಮತ್ತೆ ತಯಾರಿಸಬೇಕು ಎಂಬ ಲೆಕ್ಕವನ್ನು ಇಟ್ಟುಕೊಂಡು ಇಡೀ ಕೆಲಸವನ್ನು ನಡೆಸುವುದು ಬಿಲ್ಡ್ ವ್ಯವಸ್ಥೆ. ಲೈಬ್ರರಿಯನ್ನು ಬೆಸೆಯುವುದರಲ್ಲಿಯೂ ಎರಡು ಬಗೆಗಳಿವೆ. ಅದರ ಕೋಡನ್ನು ತಂತ್ರಾಂಶದ ಕಡತದೊಳಗೇ ಕರಗಿಸಿಬಿಡುವುದು ಸ್ಟ್ಯಾಟಿಕ್ ಲಿಂಕ್. ಲೈಬ್ರರಿಯನ್ನು ಪ್ರತ್ಯೇಕ ಕಡತವಾಗಿ ಉಳಿಸಿ, ತಂತ್ರಾಂಶ ಓಡುವಾಗ ಮಾತ್ರ ಅದನ್ನು ಕರೆತರುವುದು ಡೈನಮಿಕ್ ಲಿಂಕ್. ಹೊರಗಿನವರ ಲೈಬ್ರರಿಯ ಒಂದು ಪ್ರತಿಯನ್ನು ಯೋಜನೆಯೊಂದು ತನ್ನ ಬಿಲ್ಡ್ ವ್ಯವಸ್ಥೆಯ ಸುಪರ್ದಿಗೆ ತಂದು, ತನ್ನ ಕೋಡ್‌ನ ಜೊತೆಯಲ್ಲಿಯೇ ಕಂಪೈಲ್ ಮಾಡಿ, ತನ್ನ ತಂತ್ರಾಂಶದೊಡನೆಯೇ ಬಳಕೆದಾರರಿಗೆ ತಲುಪಿಸುವುದನ್ನು ಬಂಡ್ಲಿಂಗ್ ಎನ್ನುತ್ತಾರೆ.

ಹಾಗೇಕೆ ಮಾಡಬೇಕು ಎಂಬುದಕ್ಕೆ ಲಿಬ್ರೆಆಫೀಸ್‌ನ ಚರಿತ್ರೆಯಲ್ಲೇ ಉತ್ತರವಿದೆ. ಓಪನ್‌ಆಫೀಸ್‌ನಿಂದ ಕವಲೊಡೆದು 2010ರ ಸೆಪ್ಟೆಂಬರ್‌ನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ನಿನ ಆಶ್ರಯದಲ್ಲಿ ಹುಟ್ಟಿದ ಈ ತಂತ್ರಾಂಶವು ಮೊದಲಿಗೆ ಅಕ್ಷರಗಳನ್ನು ಜೋಡಿಸಲು ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಯುನಿಸ್ಕ್ರೈಬನ್ನೂ, ಮ್ಯಾಕ್‌ನಲ್ಲಿ ಆಪಲ್‌ನ ಸ್ವಂತ ಜೋಡಣಾ ವ್ಯವಸ್ಥೆಯನ್ನೂ, ಲಿನಕ್ಸ್‌ನಲ್ಲಿ ಐಸಿಯು ಎಂಬ ಲೈಬ್ರರಿಯನ್ನೂ ಅವಲಂಬಿಸಿತ್ತು. ಒಂದೇ ಕಡತ, ಒಂದೇ ಫಾಂಟ್, ಆದರೆ ಜೋಡಿಸುವವರು ಮೂವರು; ಪದಗಳ ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಲು ಮುರಿಯುವ ಜಾಗ ಬದಲಾಗಿ ಪುಟಗಳ ಸಂಖ್ಯೆಯೇ ಏರುಪೇರಾಗಬಹುದಾದ ಸ್ಥಿತಿ ಅದು. 2013ರ 4.1ನೆಯ ಆವೃತ್ತಿಯಲ್ಲಿ ಲಿನಕ್ಸ್‌ಗೆ ಹಾರ್ಫ್‌ಬಜ್ ಬಂತು, 2017ರ 5.3ನೆಯ ಆವೃತ್ತಿಯಲ್ಲಿ ಖಾಲಿದ್ ಹೊಸ್ನಿಯವರ ಕೆಲಸದ ಫಲವಾಗಿ ವಿಂಡೋಸ್, ಮ್ಯಾಕ್‌ಗಳಲ್ಲಿಯೂ ಅದೇ ನೆಲೆಗೊಂಡು ಎಲ್ಲೆಡೆ ಒಬ್ಬನೇ ಜೋಡಣೆಗಾರ ಎಂಬಂತಾಯಿತು. ವಿಂಡೋಸ್‌ನಲ್ಲಿ ಹಾರ್ಫ್‌ಬಜ್ ಮೊದಲೇ ಸ್ಥಾಪಿತವಾಗಿರುವುದಿಲ್ಲವಾದ್ದರಿಂದ ಲಿಬ್ರೆಆಫೀಸ್ ಅದನ್ನು ತನ್ನೊಡನೆಯೇ ಕೊಂಡೊಯ್ಯಬೇಕು. ಕೊಂಡೊಯ್ಯಬೇಕೆಂದಾದ ಮೇಲೆ ಅದನ್ನು ತಯಾರಿಸುವ ಬಗೆಯನ್ನೂ ತನ್ನ ಬಿಲ್ಡ್ ವ್ಯವಸ್ಥೆಗೆ ಕಲಿಸಬೇಕು.

ಈ ಕಲಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಬಂಡ್ಲಿಂಗ್ ಕುರಿತ ವಾದವಿವಾದಗಳೆಲ್ಲ ಈ ಸಣ್ಣ ವಿವರಗಳಲ್ಲಿಯೇ ಅಡಗಿವೆ. ಲಿಬ್ರೆಆಫೀಸ್ ಹಾರ್ಫ್‌ಬಜ್‌ನ ಕಡತಗಳನ್ನು ಬಿಡಿಬಿಡಿಯಾಗಿ ತನ್ನ ಕೋಡ್‌ನೊಳಗೆ ನಕಲು ಮಾಡಿಕೊಂಡಿಲ್ಲ. ಹಾರ್ಫ್‌ಬಜ್ ಬಳಗದವರು ಪ್ರತಿ ಆವೃತ್ತಿಯನ್ನೂ ಟಾರ್‌ಬಾಲ್ ಎಂಬ ಒಂದೇ ಕುಗ್ಗಿಸಿದ ಗಂಟಾಗಿ ಬಿಡುಗಡೆ ಮಾಡುತ್ತಾರೆ. ಆ ಗಂಟು ಇದ್ದಂತೆಯೇ ಡಾಕ್ಯುಮೆಂಟ್ ಫೌಂಡೇಶನ್ನಿನ ಸರ್ವರ್‌ನಲ್ಲಿ ಇರುತ್ತದೆ. ಲಿಬ್ರೆಆಫೀಸ್‌ನ ‘ಡೌನ್‌ಲೋಡ್.ಎಲ್‌ಎಸ್‌ಟಿ’ ಎಂಬ ಪಟ್ಟಿಯಲ್ಲಿ ಪ್ರತಿ ಲೈಬ್ರರಿಗೂ ಎರಡು ಸಾಲುಗಳು: ಒಂದರಲ್ಲಿ ಆವೃತ್ತಿಯ ಸಂಖ್ಯೆಯೂ ಸೇರಿದ ಗಂಟಿನ ಹೆಸರು, ಇನ್ನೊಂದರಲ್ಲಿ ಎಸ್‌ಎಚ್‌ಎ-256 ಎಂಬ ಗಣಿತಕ್ರಮದಿಂದ ಪಡೆದ 64 ಅಂಕಾಕ್ಷರಗಳ ಗುರುತು. ಗಂಟಿನಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಈ ಗುರುತು ಪೂರ್ತಿ ಬೇರೆಯಾಗುವುದರಿಂದ, ಇಳಿಸಿಕೊಂಡ ಗಂಟಿನ ಗುರುತು ಪಟ್ಟಿಯದಕ್ಕೆ ತಾಳೆಯಾಗದಿದ್ದರೆ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ತಾಳೆಯಾದರೆ ಗಂಟನ್ನು ತಾತ್ಕಾಲಿಕ ಜಾಗವೊಂದರಲ್ಲಿ ಬಿಚ್ಚಲಾಗುತ್ತದೆ. ಎಲ್ಲಿಯಾದರೂ ತಿದ್ದುಪಡಿ ಬೇಕಿದ್ದರೆ ಅದನ್ನು ಪ್ಯಾಚ್ ಎಂಬ ಪ್ರತ್ಯೇಕ ಕಡತದಲ್ಲಿ, ಯಾವ ಸಾಲು ಹೋಗಬೇಕು, ಯಾವುದು ಬರಬೇಕು ಎಂಬ ರೂಪದಲ್ಲಿ ಬರೆದಿಟ್ಟಿರುತ್ತಾರೆ. ಬಿಚ್ಚಿದ ಮೇಲೆ ಅದನ್ನು ಹಚ್ಚಿ, ಆಮೇಲೆ ಹಾರ್ಫ್‌ಬಜ್‌ನ ಸ್ವಂತ ಬಿಲ್ಡ್ ವ್ಯವಸ್ಥೆಯನ್ನು ಲಿಬ್ರೆಆಫೀಸ್‌ನ ವ್ಯವಸ್ಥೆ ಕರೆಯುತ್ತದೆ.

ಸ್ವಂತ ಸರ್ವರ್‌ನಲ್ಲಿ ಗಂಟನ್ನು ಇಟ್ಟುಕೊಳ್ಳುವುದು ಅತಿ ಜಾಗರೂಕತೆಯೆಂದು ತೋರಬಹುದು. ಆದರೆ 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ, 11 ಸಾಲುಗಳಷ್ಟೇ ಇದ್ದ ಜಾವಾಸ್ಕ್ರಿಪ್ಟ್ ತುಣುಕನ್ನು ಅದರ ಕರ್ತೃ ಎನ್‌ಪಿಎಂ ಎಂಬ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿಯೋ ಮೂರನೆಯವರ ಮೂಲಕವೋ ನೆಚ್ಚಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್‌ಗಳು ಒಟ್ಟಿಗೆ ಕೆಟ್ಟು ನಿಂತವು.

ಎರಡು ಬಿಲ್ಡ್ ವ್ಯವಸ್ಥೆಗಳು ಮಾತನಾಡಿಕೊಳ್ಳುವ ಹಂತದಲ್ಲೇ ನಿಜವಾದ ತೊಡಕು ಎದುರಾಗುತ್ತದೆ. ಹಾರ್ಫ್‌ಬಜ್ ಬಯಸಿದರೆ ಐಸಿಯು, ಗ್ರಾಫೈಟ್, ಫ್ರೀಟೈಪ್, ಜಿಲಿಬ್ (GLib) ಮುಂತಾದ ಬೇರೆ ಲೈಬ್ರರಿಗಳನ್ನು ಬಳಸಿಕೊಳ್ಳಬಲ್ಲದು. ಸುಮ್ಮನೆ ಬಿಟ್ಟರೆ ಬಿಲ್ಡ್ ಯಂತ್ರದಲ್ಲಿ ಯಾವುದು ಕಣ್ಣಿಗೆ ಬೀಳುತ್ತದೋ ಅದನ್ನು ಹಿಡಿದುಕೊಳ್ಳುವ ಸ್ವಭಾವ ಇಂತಹ ಲೈಬ್ರರಿಗಳದು. ಒಬ್ಬರ ಯಂತ್ರದಲ್ಲಿ ಜಿಲಿಬ್ ಇದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ದರೆ ಒಂದೇ ಸೋರ್ಸ್‌ನಿಂದ ಎರಡು ಬೇರೆ ಬೇರೆ ಲೈಬ್ರರಿಗಳು ಹುಟ್ಟುತ್ತವೆ. ಆದ್ದರಿಂದ ಲಿಬ್ರೆಆಫೀಸ್‌ನಂತಹ ಯೋಜನೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಒಂದೊಂದಾಗಿ ಹೇಳಿ, ಬೇಕಾದವುಗಳು ಮೊದಲು ತಯಾರಾಗುವಂತೆ ಅನುಕ್ರಮವನ್ನೂ ನಿಗದಿಪಡಿಸಬೇಕಾಗುತ್ತದೆ. ಫ್ರೀಟೈಪ್‌ನ ವಿಷಯದಲ್ಲಂತೂ ಈ ಅನುಕ್ರಮವೇ ಒಗಟಾಗುತ್ತದೆ: ಅಕ್ಷರದ ರೂಪರೇಖೆಯನ್ನು ಚುಕ್ಕಿಗಳಾಗಿ ಬಿಡಿಸುವ ಈ ಲೈಬ್ರರಿ ಹಾರ್ಫ್‌ಬಜ್‌ನ ನೆರವನ್ನು ಪಡೆಯಬಲ್ಲದು, ಹಾರ್ಫ್‌ಬಜ್ ಸಹ ಫ್ರೀಟೈಪ್‌ನ ನೆರವನ್ನು ಪಡೆಯಬಲ್ಲದು, ಎರಡೂ ಬೇಕೆನ್ನುವವರು ಒಂದನ್ನು ಅರ್ಧ ಸಾಮರ್ಥ್ಯದಲ್ಲಿ ಕಟ್ಟಿ, ಅದನ್ನು ಬಳಸಿ ಇನ್ನೊಂದನ್ನು ಕಟ್ಟಿ, ಮತ್ತೆ ಮೊದಲನೆಯದನ್ನು ಪೂರ್ಣವಾಗಿ ಕಟ್ಟುವ ಸುತ್ತುದಾರಿಯನ್ನು ಹಿಡಿಯಬೇಕಾಗುತ್ತದೆ. ಎರಡು ಬಿಲ್ಡ್ ವ್ಯವಸ್ಥೆಗಳನ್ನು ಹೊಂದಿಸುವ ಶ್ರಮವನ್ನು ತಗ್ಗಿಸಲು ಕೆಲವು ಲೈಬ್ರರಿಗಳು ಇಡೀ ಕೋಡನ್ನು ಒಂದೇ ಕಡತದ ಮೂಲಕ ಕಂಪೈಲ್ ಮಾಡುವ ಅನುಕೂಲವನ್ನು ಒದಗಿಸಿವೆ. ಹಾರ್ಫ್‌ಬಜ್‌ನಲ್ಲಿ ಉಳಿದೆಲ್ಲ ಕಡತಗಳನ್ನೂ ತನ್ನೊಳಗೆ ಸೆಳೆದುಕೊಳ್ಳುವ ಕಡತವೊಂದಿದೆ. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ಲೈಬ್ರರಿಯು ನೂರಕ್ಕೂ ಹೆಚ್ಚು ಕಡತಗಳನ್ನು ಒಟ್ಟುಗೂಡಿಸಿ, ಎರಡು ಲಕ್ಷ ಸಾಲುಗಳನ್ನು ಮೀರಿದ ಏಕೈಕ ಕಡತವಾಗಿಯೂ ಬಿಡುಗಡೆಯಾಗುತ್ತದೆ.

ಲಿಬ್ರೆಆಫೀಸ್‌ನ ಏರ್ಪಾಟಿನಲ್ಲಿ ಮೆಚ್ಚಬೇಕಾದ ಇನ್ನೊಂದು ಅಂಶವೆಂದರೆ ಒಂದು ಸ್ವಿಚ್ಚು. ಬಿಲ್ಡ್ ಆರಂಭಿಸುವ ಮುನ್ನ ಓಡಿಸುವ ‘ಕಾನ್ಫಿಗರ್’ ಎಂಬ ವಿಧಿಗೆ, ಹಾರ್ಫ್‌ಬಜ್‌ನ ಸ್ವಂತ ಪ್ರತಿಯನ್ನು ಕಟ್ಟಬೇಕೋ ಅಥವಾ ಯಂತ್ರದಲ್ಲಿ ಈಗಾಗಲೇ ಇರುವುದನ್ನು ಬಳಸಬೇಕೋ ಎಂದು ತಿಳಿಸಬಹುದು. ಎರಡನೆಯದನ್ನು ಆರಿಸಿದರೆ ಅಲ್ಲಿರುವ ಆವೃತ್ತಿ ಅಗತ್ಯವಿದ್ದಷ್ಟು ಹೊಸದೇ ಎಂದು ಅದು ಪರೀಕ್ಷಿಸುತ್ತದೆ. ಉಳಿದ ಕೋಡ್‌ಗೆ ಈ ಆಯ್ಕೆಯ ಅರಿವೇ ಇರುವುದಿಲ್ಲ: ‘ನನಗೆ ಹಾರ್ಫ್‌ಬಜ್ ಬೇಕು’ ಎಂದಷ್ಟೇ ಅದು ಕೇಳುತ್ತದೆ, ಎಲ್ಲಿಂದ ತರಬೇಕೆಂಬುದನ್ನು ಬಿಲ್ಡ್ ವ್ಯವಸ್ಥೆಯ ಒಂದೇ ಒಂದು ಜಾಗ ನಿರ್ಧರಿಸುತ್ತದೆ. ಡಾಕ್ಯುಮೆಂಟ್ ಫೌಂಡೇಶನ್ ನೇರವಾಗಿ ಹಂಚುವ ಪ್ರತಿಗಳಲ್ಲಿ ಸ್ವಿಚ್ಚು ಸ್ವಂತ ಪ್ರತಿಯ ಕಡೆಗಿದ್ದರೆ, ಡೆಬಿಯನ್‌ನಂತಹ ಲಿನಕ್ಸ್ ವಿತರಣೆಗಳು ಅದನ್ನು ಯಂತ್ರದಲ್ಲಿರುವ ಪ್ರತಿಯ ಕಡೆಗೆ ತಿರುಗಿಸುತ್ತವೆ.

ವಿತರಣೆಗಳ ಈ ಹಟಕ್ಕೆ ಹಳೆಯ ಕಾರಣವಿದೆ. ಜೀನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ 1995ರಲ್ಲಿ ಹೊರತಂದ ಜೀಲಿಬ್ (zlib) ಎಂಬ, ದತ್ತಾಂಶವನ್ನು ಕುಗ್ಗಿಸುವ ಲೈಬ್ರರಿಯು ಚಿಕ್ಕದಾಗಿಯೂ ಧಾರಾಳವಾದ ಪರವಾನಗಿಯುಳ್ಳದ್ದಾಗಿಯೂ ಇದ್ದುದರಿಂದ ಕಂಡಕಂಡವರು ಅದರ ಪ್ರತಿಯನ್ನು ತಮ್ಮ ಕೋಡ್‌ನೊಳಗೆ ಇರಿಸಿಕೊಂಡಿದ್ದರು. 2002ರ ಮಾರ್ಚ್‌ನಲ್ಲಿ ಅದರಲ್ಲೊಂದು ದೋಷ ಬಯಲಾಯಿತು: ಕೆಟ್ಟ ದತ್ತಾಂಶವನ್ನು ಕೊಟ್ಟರೆ ಅದು ಸ್ಮೃತಿಯ ಒಂದೇ ತುಣುಕನ್ನು ಎರಡು ಸಲ ಬಿಟ್ಟುಕೊಡುತ್ತಿತ್ತು, ದಾಳಿಕೋರರಿಗೆ ಅದು ಬಾಗಿಲಾಗಬಹುದಿತ್ತು. ತಿದ್ದಿದ 1.1.4 ಆವೃತ್ತಿ ಕೂಡಲೇ ಬಂದರೂ, ಯಂತ್ರದಲ್ಲಿ ಹಂಚಿಕೊಂಡ ಒಂದು ಪ್ರತಿಯನ್ನು ಬದಲಿಸಿದರೆ ಕೆಲಸ ಮುಗಿಯುವಂತಿರಲಿಲ್ಲ. ಲಿನಕ್ಸ್ ಕರ್ನಲ್‌ನಿಂದ ಹಿಡಿದು ಆರ್‌ಸಿಂಕ್‌ವರೆಗೆ ಸ್ವಂತ ಪ್ರತಿ ಹೊಂದಿದ್ದ ತಂತ್ರಾಂಶಗಳನ್ನೆಲ್ಲ ಹುಡುಕಿ ಒಂದೊಂದನ್ನೂ ತಿದ್ದಬೇಕಾಯಿತು. ಹೀಗೆ ಅಡಗಿ ಕುಳಿತ ಪ್ರತಿಗಳ ಪಟ್ಟಿಯೊಂದನ್ನು ಡೆಬಿಯನ್‌ನ ಭದ್ರತಾ ತಂಡ ಇಟ್ಟುಕೊಂಡಿದೆ. ಸಾಧ್ಯವಿದ್ದಷ್ಟೂ ಅಂಥ ಪ್ರತಿಗಳನ್ನು ಬಳಸಬಾರದೆಂಬುದು ಡೆಬಿಯನ್‌ನ ನೀತಿಗ್ರಂಥದಲ್ಲಿಯೇ ಇದೆ. ಫೆಡೋರಾ ಎಂಬ ಇನ್ನೊಂದು ವಿತರಣೆ ಮೊದಲು ಇನ್ನೂ ಬಿಗಿಯಾಗಿದ್ದು, 2015ರಲ್ಲಿ ನಿಯಮವನ್ನು ಸಡಿಲಿಸಿ, ಪ್ರತಿಯನ್ನು ಬೇರ್ಪಡಿಸಲಾಗದಿದ್ದರೆ ಇರಲಿ, ಆದರೆ ಯಾವ ಲೈಬ್ರರಿ ಒಳಗಿದೆ ಎಂಬುದನ್ನು ಪ್ಯಾಕೇಜಿನ ವಿವರದಲ್ಲಿ ನಮೂದಿಸಿರಬೇಕು ಎಂಬ ನಿಲುವಿಗೆ ಬಂತು.

ಆರ್‌ಸಿಂಕ್‌ನ ಪ್ರಸಂಗ ವಿಶೇಷವಾಗಿ ಗಮನಾರ್ಹ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತಗಳನ್ನು ಪ್ರತಿಮಾಡುವ ಈ ತಂತ್ರಾಂಶವು ತನ್ನೊಳಗಿನ ಜೀಲಿಬನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡಿದ್ದರಿಂದ, ಅದು ಕುಗ್ಗಿಸಿ ಕಳಿಸುವ ದತ್ತಾಂಶದ ರೂಪವೇ ಮೂಲ ಜೀಲಿಬ್‌ಗಿಂತ ಭಿನ್ನವಾಯಿತು. ಪ್ರತಿಯನ್ನು ತೆಗೆದು ಯಂತ್ರದ ಜೀಲಿಬನ್ನು ಬಳಸೋಣವೆಂದರೆ ಹಳೆಯ ಆರ್‌ಸಿಂಕ್‌ಗಳೊಡನೆ ಮಾತುಕತೆಯೇ ಕೆಡುತ್ತಿತ್ತು. ಒಳಗೆ ತಂದದ್ದಕ್ಕಿಂತ ತಂದಮೇಲೆ ಕೈಯಾಡಿಸಿದ್ದೇ ಹೆಚ್ಚು ದುಬಾರಿಯಾಗುವುದು ಹೀಗೆ. ತಿದ್ದುಪಡಿಯನ್ನು ಪ್ಯಾಚ್‌ಗಳಾಗಿ ಹೊರಗೇ ಇಡುವ ಕ್ರಮವು ಪ್ರತಿ ಹೊಸ ಆವೃತ್ತಿಗೂ ‘ಈ ತಿದ್ದುಪಡಿ ಇನ್ನೂ ಬೇಕೇ?’ ಎಂಬ ಪ್ರಶ್ನೆಯನ್ನು ಬಲವಂತವಾಗಿ ಎತ್ತುತ್ತದೆ, ಏಕೆಂದರೆ ಕೆಳಗಿನ ಕೋಡ್ ಬದಲಾದರೆ ಹಳೆಯ ಪ್ಯಾಚ್ ಹತ್ತುವುದಿಲ್ಲ, ಬಿಲ್ಡ್ ಕೆಡುತ್ತದೆ. ಕೆಡುವುದೇ ಇಲ್ಲಿ ಉಪಕಾರ. ತಿದ್ದುಪಡಿಯನ್ನು ಮೂಲ ಬಳಗಕ್ಕೇ ಕಳಿಸಿ ಒಪ್ಪಿಸಿಬಿಟ್ಟರೆ ಪ್ಯಾಚನ್ನು ಅಳಿಸಬಹುದು. ಹಾಗೆ ಮಾಡದೆ ವರ್ಷಗಟ್ಟಲೆ ಪ್ಯಾಚ್‌ಗಳನ್ನು ಹೊತ್ತು ತಿರುಗುವ ಯೋಜನೆಗಳು ಕೊನೆಗೆ ಆ ಲೈಬ್ರರಿಯ ಇನ್ನೊಂದು ಕವಲಿನ ಒಡೆಯರಾಗಿಬಿಡುತ್ತವೆ, ಬೇಕಿರಲಿ ಬೇಡವಾಗಿರಲಿ.

ಏರ್ಪಾಟು ಸರಿಯಾಗಿದೆಯೇ ಎಂಬುದು ತಿಳಿಯುವುದು ಅವಸರದ ದಿನಗಳಲ್ಲಿ. ವೆಬ್‌ಪಿ ಎಂಬ ಚಿತ್ರಕ್ರಮದ ಬೆಂಬಲವನ್ನು ಲಿಬ್ರೆಆಫೀಸ್ 2022ರ ಆಗಸ್ಟ್‌ನ 7.4ನೆಯ ಆವೃತ್ತಿಯಲ್ಲಿ ಕೊಟ್ಟಿತು. ಅದಕ್ಕಾಗಿ ಗೂಗಲ್‌ನ ಲಿಬ್‌ವೆಬ್‌ಪಿ ಲೈಬ್ರರಿ ಹೊರಗಿನವುಗಳ ಪಟ್ಟಿಗೆ ಸೇರಿತು. ಒಂದು ವರ್ಷ ತುಂಬುತ್ತಿದ್ದಂತೆ, 2023ರ ಸೆಪ್ಟೆಂಬರ್ 6ರಂದು, ಆಪಲ್‌ನ ಭದ್ರತಾ ತಂಡವೂ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬೂ ಅದರಲ್ಲೊಂದು ದೋಷವನ್ನು ಗೂಗಲ್‌ಗೆ ತಿಳಿಸಿದವು: ಉಪಾಯದಿಂದ ಕೆಡಿಸಿದ ಚಿತ್ರವೊಂದನ್ನು ಬಿಡಿಸುವಾಗ ಲೈಬ್ರರಿಯು ತನಗೆ ಮೀಸಲಾದ ಸ್ಮೃತಿಯ ಎಲ್ಲೆಯನ್ನು ಮೀರಿ ಬರೆಯುತ್ತಿತ್ತು, ದಾಳಿಕೋರರು ಆ ವೇಳೆಗಾಗಲೇ ಅದನ್ನು ಬಳಸುತ್ತಿದ್ದರು. ಸೆಪ್ಟೆಂಬರ್ 11ರಂದು ಕ್ರೋಮ್, ಮರುದಿನ ಫೈರ್‌ಫಾಕ್ಸ್ ತಿದ್ದಿದ ಆವೃತ್ತಿಗಳನ್ನು ಬಿಟ್ಟವು. ಕ್ರೋಮ್‌ನ ಒಡಲನ್ನೇ ಹೊತ್ತಿರುವ ಎಲೆಕ್ಟ್ರಾನ್ ಆಧಾರಿತ ತಂತ್ರಾಂಶಗಳು ಒಂದೊಂದಾಗಿ ಹಿಂಬಾಲಿಸಿದವು. ಲಿಬ್ರೆಆಫೀಸ್ ನಿಗದಿತ ದಿನಕ್ಕೆ ಕಾಯದೆ ಸೆಪ್ಟೆಂಬರ್ 26ರಂದು 7.6.2 ಮತ್ತು 7.5.7 ಆವೃತ್ತಿಗಳನ್ನು ಹೊರತಂದಿತು. ಬಳಕೆದಾರರ ದೃಷ್ಟಿಯಲ್ಲಿ ಇದರ ಅರ್ಥ ಇಷ್ಟೆ: ಒಂದು ಚಿಕ್ಕ ಲೈಬ್ರರಿಯ ದೋಷಕ್ಕಾಗಿ ನೂರಾರು ಮೆಗಾಬೈಟ್‌ಗಳ ಕಚೇರಿ ತಂತ್ರಾಂಶವನ್ನು ಪೂರ್ತಿಯಾಗಿ ಮತ್ತೆ ಇಳಿಸಿಕೊಳ್ಳಬೇಕಾಯಿತು. ಡೆಬಿಯನ್ ಬಳಸುವವರಿಗೆ ಲಿಬ್‌ವೆಬ್‌ಪಿ ಒಂದನ್ನೇ ಬದಲಿಸಿದರೆ ಸಾಕಾಗಿತ್ತು.

ಎಲ್ಲರೂ ಇಷ್ಟು ಚುರುಕಾಗಿರುವುದಿಲ್ಲ. ಹಾರ್ಫ್‌ಬಜ್‌ನಲ್ಲಿಯೇ ಒಂದು ದೋಷ 2023ರ ಫೆಬ್ರವರಿಯಲ್ಲಿ ಪ್ರಕಟವಾಗಿತ್ತು. ಅಕ್ಷರಕ್ಕೆ ಅಂಟುವ ಚಿಹ್ನೆಗಳನ್ನು ಒಂದರ ಹಿಂದೊಂದು ಸಾಲಾಗಿ ಕೊಟ್ಟರೆ, ಚಿಹ್ನೆಗಳ ಸಂಖ್ಯೆ ಹತ್ತುಪಟ್ಟಾದಾಗ ಲೆಕ್ಕದ ಶ್ರಮ ನೂರುಪಟ್ಟಾಗುವ ಬಗೆಯದು ಅದು, ದುರುದ್ದೇಶದ ಪಠ್ಯವೊಂದರಿಂದ ತಂತ್ರಾಂಶ ಸ್ತಬ್ಧವಾಗಬಹುದಿತ್ತು. ಒಂಬತ್ತನೆಯ ಆವೃತ್ತಿಯಿಂದ ಹಾರ್ಫ್‌ಬಜ್‌ನ ಪ್ರತಿಯನ್ನು ತನ್ನೊಳಗೆ ಇರಿಸಿಕೊಂಡಿರುವ ಜಾವಾ ವೇದಿಕೆಯ ಭದ್ರತಾ ಬಿಡುಗಡೆಯಲ್ಲಿ ಇದೇ ದೋಷದ ತಿದ್ದುಪಡಿ ಕಾಣಿಸಿಕೊಂಡದ್ದು ಜುಲೈಯಲ್ಲಿ. ಮೂಲದಲ್ಲಿ ಆದ ತಿದ್ದುಪಡಿ ಪ್ರತಿಯನ್ನು ತಲುಪುವವರೆಗಿನ ಇಂತಹ ಅಂತರವೇ ಬಂಡ್ಲಿಂಗ್‌ನ ನಿಜವಾದ ಬೆಲೆ. ಬಿಲ್ಡ್ ವ್ಯವಸ್ಥೆಯ ಜಾಣ್ಮೆಯನ್ನು ಅಳೆಯಬೇಕಾದದ್ದು ಲೈಬ್ರರಿಯನ್ನು ಎಷ್ಟು ಸುಲಭವಾಗಿ ಒಳಗೆ ತಂದರು ಎಂಬುದರಿಂದಲ್ಲ, ಎಷ್ಟು ಬೇಗ ಬದಲಿಸಬಲ್ಲರು ಎಂಬುದರಿಂದ. ಎರಡು ಸಾಲುಗಳ ಬದಲಾವಣೆಯಲ್ಲಿ ಆವೃತ್ತಿ ಏರುವಂತಿದ್ದರೆ ಆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಮುಂದೂಡಲಾಗುತ್ತದೆ.

ಪರವಾನಗಿಯ ವಿಚಾರ ಸಂಕ್ಷೇಪವಾಗಿ ಹೇಳಬಹುದಾದದ್ದು. ಎಂಐಟಿ ಮಾದರಿಯ ಪರವಾನಗಿಯಿರುವ ಹಾರ್ಫ್‌ಬಜನ್ನು ಹಂಚುವವರು ಕೃತಿಸ್ವಾಮ್ಯದ ಒಕ್ಕಣೆಯನ್ನು ಉಳಿಸಿಕೊಂಡರೆ ಸಾಕು. ಎಲ್‌ಜಿಪಿಎಲ್‌ನಂತಹವುಗಳಲ್ಲಿ ಬಳಕೆದಾರರು ಲೈಬ್ರರಿಯನ್ನು ತಾವೇ ಬದಲಿಸಿಕೊಳ್ಳಲು ಅವಕಾಶವಿರಬೇಕೆಂಬ ಷರತ್ತು ಇರುವುದರಿಂದ, ಸ್ಟ್ಯಾಟಿಕ್ ಆಗಿ ಬೆಸೆಯುವವರು ಹೆಚ್ಚಿನ ಜವಾಬ್ದಾರಿ ಹೊರಬೇಕು. ಜಿಪಿಎಲ್‌ನದು ಇನ್ನೂ ಬಿಗಿ, ಬೆಸೆದು ಹಂಚುವ ಇಡೀ ತಂತ್ರಾಂಶದ ಸೋರ್ಸನ್ನೇ ಅದು ಬಯಸುತ್ತದೆ.

ಗುರುತುಸಂಖ್ಯೆಯನ್ನು ತಾಳೆ ನೋಡುವ ಕ್ರಮಕ್ಕೂ ಮಿತಿಯಿದೆ ಎಂಬುದನ್ನು 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಜೆಡ್ ಪ್ರಕರಣ ತೋರಿಸಿತು. ಟಾರ್‌ಬಾಲ್‌ಗಳನ್ನು ಕುಗ್ಗಿಸಲೆಂದೇ ವ್ಯಾಪಕವಾಗಿ ಬಳಕೆಯಲ್ಲಿರುವ ಈ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಳ ಕಾಲ ಸಹಾಯ ಮಾಡಿ ನಂಬಿಕೆ ಗಳಿಸಿ ನಿರ್ವಾಹಕ ಪದವಿಗೇರಿದ್ದ ಒಂದು ಖಾತೆಯಿಂದ ಹಿಂಬಾಗಿಲೊಂದು ಸೇರಿಕೊಂಡಿತ್ತು. ಅದರ ಚಾಲಕ ತುಣುಕು ಎಲ್ಲರೂ ನೋಡಬಲ್ಲ ಸೋರ್ಸ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನ ಬಿಲ್ಡ್ ವಿಧಿಯಲ್ಲಿ ಮಾತ್ರ ಇತ್ತು. ಕಂಪೈಲ್ ಮಾಡುವ ಹೊತ್ತಿನಲ್ಲಿ ಅದು ಪರೀಕ್ಷೆಗೆಂದು ಇರಿಸಿದ್ದ ಕಡತಗಳೊಳಗಿಂದ ದುಷ್ಟ ಕೋಡನ್ನು ಬಿಚ್ಚಿ ಲೈಬ್ರರಿಗೆ ಬೆಸೆಯುತ್ತಿತ್ತು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಕಾರಣ ಹುಡುಕಿಕೊಂಡು ಹೋದ ಆಂಡ್ರೆಸ್ ಫ್ರಾಯಿಂಡ್ ಇದನ್ನು ಪತ್ತೆಹಚ್ಚದಿದ್ದರೆ ಅದು ಎಷ್ಟು ದೂರ ಹರಡುತ್ತಿತ್ತೆಂದು ಊಹಿಸುವುದು ಕಷ್ಟ. ಆ ಟಾರ್‌ಬಾಲ್‌ನ 64 ಅಂಕಾಕ್ಷರಗಳು ಯಾವ ಪಟ್ಟಿಯಲ್ಲಿಯಾದರೂ ಸರಿಯಾಗಿಯೇ ತಾಳೆಯಾಗುತ್ತಿದ್ದವು. ಗಂಟು ದಾರಿಯಲ್ಲಿ ಬದಲಾಗಿಲ್ಲ ಎಂಬುದಷ್ಟೇ ಅದು ಕೊಡುವ ಭರವಸೆ, ಗಂಟಿನೊಳಗಿರುವುದು ಒಳ್ಳೆಯದೆಂಬುದಲ್ಲ. ಈ ಕಾರಣದಿಂದ ಟಾರ್‌ಬಾಲನ್ನು ಬಿಟ್ಟು ಸೋರ್ಸ್ ಭಂಡಾರದಿಂದಲೇ ನೇರವಾಗಿ ಪ್ರತಿ ಪಡೆಯಬೇಕೆಂಬ ವಾದಕ್ಕೆ ಆಮೇಲೆ ಬಲ ಬಂದಿದೆ.

ದೋಷವೊಂದು ಬಯಲಾದಾಗ ಅದು ಎಲ್ಲೆಲ್ಲಿ ಅಡಗಿದೆ ಎಂದು ತಿಳಿಯಲು ನೆರವಾಗುವ, ಒಂದು ತಂತ್ರಾಂಶದೊಳಗೆ ಯಾರ ಯಾವ ಲೈಬ್ರರಿಯ ಎಷ್ಟನೆಯ ಆವೃತ್ತಿ ಇದೆ ಎಂಬ ಲೆಕ್ಕಪಟ್ಟಿಯನ್ನು ಎಸ್‌ಬಾಮ್ ಎನ್ನುತ್ತಾರೆ. ಅಮೆರಿಕ ಸರ್ಕಾರ 2021ರ ಮೇ ತಿಂಗಳ ಆದೇಶವೊಂದರಲ್ಲಿ ತಾನು ಕೊಳ್ಳುವ ತಂತ್ರಾಂಶಗಳ ಸಂಬಂಧದಲ್ಲಿ ಇದನ್ನು ಪ್ರಸ್ತಾಪಿಸಿದ ಮೇಲೆ ಇದಕ್ಕೆ ಮಹತ್ವ ಬಂತು. ಭಾರತದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ತಾಂತ್ರಿಕ ಮಾರ್ಗಸೂಚಿಯು ಸರ್ಕಾರಿ ವಲಯ, ಅಗತ್ಯ ಸೇವೆಗಳು, ತಂತ್ರಾಂಶ ರಫ್ತು ಮತ್ತು ಸೇವಾ ಉದ್ಯಮಗಳನ್ನು ಉದ್ದೇಶಿಸಿರುವುದರಿಂದ ಬೆಂಗಳೂರಿನ ಕಂಪನಿಗಳಿಗೂ ಇಂಥ ಪಟ್ಟಿ ಸಂಬಂಧಿಸಿದ ವಿಷಯವಾಗಿದೆ. ಎಸ್‌ಪಿಡಿಎಕ್ಸ್, ಸೈಕ್ಲೋನ್‌ಡಿಎಕ್ಸ್ ಎಂಬ ಎರಡು ಮಾದರಿಗಳು ಹೆಚ್ಚು ಪ್ರಚಲಿತ. ಪಟ್ಟಿಯನ್ನು ತಯಾರಿಸುವ ಉಪಕರಣಗಳು ಸಾಮಾನ್ಯವಾಗಿ ಬಿಲ್ಡ್ ವ್ಯವಸ್ಥೆ ಹೇಳಿದ ಹೆಸರುಗಳನ್ನೇ ಬರೆದುಕೊಳ್ಳುತ್ತವೆ. ಹತ್ತು ವರ್ಷಗಳ ಹಿಂದೆ ಯಾರೋ ಜೀಲಿಬ್‌ನಿಂದ ನಾಲ್ಕು ಕಡತಗಳನ್ನು ನಕಲು ಮಾಡಿ, ಹೆಸರು ಬದಲಿಸಿ, ತಮ್ಮ ಕೋಡ್‌ನ ನಡುವೆ ಇಟ್ಟಿದ್ದರೆ ಅದು ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ.